ಎಡಗೈ ನೀರು

ಹೋದ ತಿಂಗಳು ಚಿತ್ರದುರ್ಗದ ನಮ್ಮ ಮನೆಗೆ ಇಬ್ಬರು ಬಂದಿದ್ದರು. ಒಬ್ಬಳು ಸುಮಾ, ಇನ್ನೊಬ್ಬ ಅವಳ ಜೊತೆ ಕೆಲಸ ಮಾಡುವ ಪ್ರವೀಣ. ಶಾಲೆ ಮಕ್ಕಳಿಗಾಗಿ ಒಂದೊಂದು ನಿಮಿಷದ ವಿಜ್ಞಾನದ ವಿಡಿಯೊ ಮಾಡುವ ಕೆಲಸಕ್ಕೆ ಹೊಸದಾಗಿ ಸೇರಿದ್ದಾರೆ. ಜೇನುಹುಳ ಯಾಕೆ ಕುಣಿಯುತ್ತದೆ, ಹುತ್ತದ ಒಳಗೆ ಯಾಕೆ ತಂಪು, ಮಿಂಚು ಕಂಡ ಎಷ್ಟೋ ಹೊತ್ತಿಗೆ ಗುಡುಗು ಯಾಕೆ ಕೇಳುತ್ತದೆ, ಇಂಥವು. "ಸರ್, ನೀವು ಹಳ್ಳಿ ಹಳ್ಳಿ ತಿರುಗಿ ಚಿತ್ರ ತೋರಿಸ್ತಿದ್ರಂತೆ. ನಮಗೂ ನಾಲ್ಕು ಮಾತು ಹೇಳಿ" ಅಂದರು. ಮೊದಲು ನಿಮ್ಮದು ತೋರಿಸಿ ಅಂದೆ. ಫೋನಿನಲ್ಲಿ ಪ್ರವೀಣ ಒಂದು ಲೋಟದ ನೀರಿಗೆ ಉಪ್ಪು ಸುರಿದು ಮುಳುಗಿದ್ದ ಮೊಟ್ಟೆಯನ್ನು ತೇಲಿಸುತ್ತಿದ್ದ. ಚೆನ್ನಾಗಿತ್ತು. ಆದರೆ ಉಪ್ಪು ಸುರಿಯುತ್ತಿದ್ದುದು ಎಡಗೈಯಲ್ಲಿ.

"ನೀನು ಎಡಚನೇನಪ್ಪ?" ಅಂತ ಕೇಳಿದೆ.

"ಇಲ್ಲ ಸರ್" ಅಂತ ನಕ್ಕ. "ಫೋನಿನ ಮುಂದಿನ ಕ್ಯಾಮೆರಾದಲ್ಲಿ ತೆಗೆದ್ರೆ ಕನ್ನಡಿ ಥರ ತಿರುಗಿ ಕಾಣುತ್ತೆ. ಯಾರೂ ಗಮನಿಸಲ್ಲ ಬಿಡಿ."

ಯಾರೂ ಗಮನಿಸಲ್ಲ ಅನ್ನುವ ಮಾತು ಕೇಳಿದ್ದೇ ನನಗೆ ಧರ್ಮಪುರದ ಆಚೆಯ ಒಂದು ಕುರಿಗಾರರ ಹಟ್ಟಿ ನೆನಪಾಯಿತು. ಆವತ್ತು ಅವರಿಗೆ ಕಾಫಿ ಕೊಟ್ಟು, ಮತ್ತೆ ಬನ್ನಿ ಅಂತ ಕಳಿಸಿದೆ. ಬಾಯಲ್ಲಿ ಹೇಳಿದರೆ ನಾನು ಊರೆಲ್ಲ ಸುತ್ತುತ್ತೇನೆ ಅಂತ ನನ್ನ ಹೆಂಡತಿಯ ದೂರು. ಹಾಗಾಗಿ ಈಗ ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಬರೆದರೂ ಸುತ್ತುತ್ತೇನೆ, ಸ್ವಲ್ಪ ತಾಳಿಕೊಳ್ಳಿ.

ನನ್ನ ಹೆಸರು ತಿಪ್ಪೇಸ್ವಾಮಿ. ಕಾಗದದ ಮೇಲೆ ನನ್ನ ಕೆಲಸ ಆಪರೇಟರ್. ಹಳ್ಳಿಗಳಲ್ಲಿ ನನ್ನನ್ನು ಕರೆಯುತ್ತಿದ್ದುದು 'ಸಿನಿಮಾದೋನು'. ಸರ್ಕಾರದ ಒಂದು ಹಳೇ ವ್ಯಾನು, ಅದರೊಳಗೆ ಪ್ರೊಜೆಕ್ಟರು, ಜನರೇಟರು, ಲೌಡ್‌ಸ್ಪೀಕರು, ತಗಡಿನ ಡಬ್ಬಿಗಳಲ್ಲಿ ರೀಲುಗಳು, ಒಂದು ಪರದೆ, ಅದನ್ನು ಕಟ್ಟಲು ಎರಡು ಬಿದಿರಿನ ಗಳ. ವ್ಯಾನು ಓಡಿಸುತ್ತಿದ್ದವರು ಖಾದರ್ ಸಾಬ್. ನಮ್ಮ ಮೇಲೆ ಮೂರ್ತಿ ಅಂತ ಒಬ್ಬ ಅಧಿಕಾರಿ. ಚಿತ್ರದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ತಾಲೂಕುಗಳ ಊರುಗಳನ್ನು ಸರದಿಯ ಮೇಲೆ ಸುತ್ತುವುದು, ಹೊತ್ತು ಮುಳುಗಿದ ಮೇಲೆ ಹತ್ತು ಹತ್ತು ನಿಮಿಷದ ಚಿತ್ರಗಳನ್ನು ತೋರಿಸುವುದು. ಬೀಜ ಹೇಗೆ ಮೊಳೆಯುತ್ತದೆ, ಇರುವೆ ದಾರಿ ಹೇಗೆ ಹುಡುಕುತ್ತದೆ, ಗ್ರಹಣ ಯಾಕೆ ಹಿಡಿಯುತ್ತದೆ. ಸುಮಾ, ಪ್ರವೀಣ ಈಗ ಮಾಡುವುದನ್ನೇ ನಾವೂ ಮಾಡಿದ್ದು. ನಮ್ಮದರಲ್ಲಿ ಧೂಳು ಜಾಸ್ತಿ ಇತ್ತು.

ಈ ಕೆಲಸದಲ್ಲಿದ್ದವರನ್ನು ಯಾರೇ ಭೇಟಿಯಾದರೂ ಒಂದು ನಗೆಚಟಾಕಿ ಹೇಳುತ್ತಾರೆ. ಪರದೆ ಮೇಲೆ ದೊಡ್ಡ ಸೊಳ್ಳೆ ತೋರಿಸಿದರಂತೆ, ಹಳ್ಳಿಯವರು ನಮ್ಮೂರಿನ ಸೊಳ್ಳೆ ಇಷ್ಟು ದೊಡ್ಡದಿಲ್ಲ, ನಮಗೆ ಭಯವಿಲ್ಲ ಅಂದರಂತೆ. ನನ್ನ ಇಡೀ ಸರ್ವಿಸಿನಲ್ಲಿ ಒಬ್ಬನೇ ಒಬ್ಬ ಹಳ್ಳಿಯವನೂ ನನಗೆ ಆ ಮಾತು ಹೇಳಲಿಲ್ಲ. ಕುರಿಯ ಕಿವಿಯೊಳಗಿನ ಉಣ್ಣಿಹುಳವನ್ನು ಬೆರಳಿನ ತುದಿಯಲ್ಲೇ ಹುಡುಕಿ ಕೀಳುವ ಜನ ಅವರು. ಹತ್ತಿರದಿಂದ ನೋಡಿದರೆ ದೊಡ್ಡದು ಕಾಣುತ್ತದೆ ಅನ್ನುವುದು ಅವರಿಗೆ ತಿಳಿಯದ್ದೇ? ಅದು ಪಟ್ಟಣದಲ್ಲಿ ಕೂತವರು ಹೆಣೆದ ಕತೆ. ಹಳ್ಳಿಯವರಿಗೆ ಅನುಮಾನ ಬರುತ್ತಿದ್ದುದು ಬೇರೆ ಕಡೆ, ನಾವು ನೋಡದ ಕಡೆ.

ಹೊಸದುರ್ಗ ತಾಲೂಕಿನ ಮಾಡದಕೆರೆಯಲ್ಲಿ ಆದದ್ದು ಹೇಳುತ್ತೇನೆ. ಅವರೆ ಬೀಜ ಮೊಳೆಯುವ ಚಿತ್ರ ತೋರಿಸಿದೆ. ಎಷ್ಟೋ ದಿನ ನಡೆಯುವುದನ್ನು ಎರಡು ನಿಮಿಷಕ್ಕೆ ಇಳಿಸಿದ ಚಿತ್ರ. ಬೀಜ ಉಬ್ಬುತ್ತದೆ, ಸಿಪ್ಪೆ ಬಿರಿಯುತ್ತದೆ, ಮೊಳಕೆ ಮಣ್ಣಿನೊಳಗಿಂದ ಬೆನ್ನು ಬಗ್ಗಿಸಿಕೊಂಡು ಮೇಲೇಳುತ್ತದೆ. ಮುಂದೆ ಕೂತಿದ್ದ ಮುದುಕರೊಬ್ಬರು, "ದಿನಾ ಹೊಲದಾಗೆ ಇರ್ತೀವಿ, ಇದು ಹಿಂಗೆ ತಿಣುಕಿ ಏಳ್ತೈತೆ ಅಂತ ನೋಡಿರ್ಲಿಲ್ಲ ನೋಡ್ರಿ" ಅಂದರು. ನನಗೆ ಉಬ್ಬು ಬಂತು. ಮಕ್ಕಳನ್ನು ನಗಿಸೋಣ ಅಂತ ರೀಲನ್ನು ಹಿಂದಕ್ಕೆ ಓಡಿಸಿದೆ. ಗಿಡ ಕುಗ್ಗಿ, ಎಲೆ ಮಡಚಿ, ಮೊಳಕೆ ಮತ್ತೆ ಮಣ್ಣಿನೊಳಗೆ ಹೋಗಿ ಬೀಜ ಮುಚ್ಚಿಕೊಂಡಿತು. ಮಕ್ಕಳು ಕೂಗಾಡಿದರು. ಅದೇ ಮುದುಕರು ಎದ್ದು ಬಂದು ನನ್ನ ತೋಳು ಹಿಡಿದು, "ಬಿತ್ತನೆ ಕಾಲ ಐತೆ. ಬೆಳೆದಿದ್ದು ಮಣ್ಣಾಗೆ ಹಿಂದಕ್ಕೆ ಹೋಗೋದ್ನ ತೋರಿಸಬ್ಯಾಡ್ರಪ್ಪ" ಅಂದರು. ಬೈಯಲಿಲ್ಲ, ಬೇಡಿಕೊಂಡರು. ಅಲ್ಲಿಂದಾಚೆ ಬೀಜದ ಚಿತ್ರವನ್ನು ನಾನು ಹಿಂದಕ್ಕೆ ಓಡಿಸಲಿಲ್ಲ.

ಇನ್ನೊಂದು ಕಷ್ಟ ಭಾಷೆಯದು. ಚಿತ್ರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತಿದ್ದವು. ಕನ್ನಡದಲ್ಲಿ ಬಂದವು ಅದಕ್ಕಿಂತ ಕಷ್ಟ. 'ಸಸ್ಯಗಳು ದ್ಯುತಿಸಂಶ್ಲೇಷಣ ಕ್ರಿಯೆಯ ಮೂಲಕ' ಅಂತ ಶುರುವಾದರೆ ಜನ ಬೀಡಿ ಹಚ್ಚಲು ಏಳುತ್ತಿದ್ದರು. ಒಂದು ದಿನ ಖಾದರ್ ಸಾಬ್ ಸಿಟ್ಟಿಗೆದ್ದು ಚಿತ್ರದ ದನಿ ಕೆಳಗಿಳಿಸಿ ಮೈಕು ಹಿಡಿದು, "ನೋಡ್ರಪ್ಪ, ಎಲೆ ಅಂದ್ರೆ ಗಿಡದ ಅಡುಗೆಮನೆ, ಸೂರ್ಯನೇ ಒಲೆ" ಅಂದುಬಿಟ್ಟರು. ಎದ್ದವರು ಕೂತರು. ಆಮೇಲೆ ಮೈಕು ನನ್ನ ಕೈಗೆ ಬಂತು. ಮೂರ್ತಿಯವರಿಗೆ ಇದು ಹಿಡಿಸಲಿಲ್ಲ. "ಇಲಾಖೆಗೆ ಒಂದು ಘನತೆ ಇದೆ ಕಣ್ರಿ" ಅನ್ನುತ್ತಿದ್ದರು. ಆದರೆ ಒಮ್ಮೆ ಹಿಂದೆ ನಿಂತು ಕೇಳಿಸಿಕೊಂಡು ಹೋದವರು ಮತ್ತೆ ಆ ಮಾತು ಎತ್ತಲಿಲ್ಲ. ಒಳ್ಳೆಯ ಮನುಷ್ಯ, ಒಪ್ಪಿಕೊಳ್ಳುವುದಕ್ಕೆ ಮಾತ್ರ ಟೈಮ್ ಬೇಕಾಗುತ್ತಿತ್ತು.

ಇನ್ನು ಪರದೆಯ ವಿಷಯ. ಮೊದಲು ನಮ್ಮಲ್ಲಿ ದಪ್ಪನೆಯ ಪರದೆ ಇತ್ತು, ಅದರ ಬೆನ್ನಿಗೆ ಕರಿ ಬಟ್ಟೆ ಹೊಲಿದಿತ್ತು. ಹೊಳಲ್ಕೆರೆ ತಾಲೂಕಿನ ತಾಳ್ಯದಲ್ಲಿ ಒಂದು ಸಂಜೆ ಗಾಳಿ ಎದ್ದು ಅದು ನಡುವಿನಿಂದ ಸೀಳಿಹೋಯಿತು. ಹೊಸದು ಕೇಳಿದರೆ ಕಳಿಸುತ್ತೇವೆ ಅಂದರು, ಕಳಿಸಲಿಲ್ಲ. ಕೊನೆಗೆ ಚಿತ್ರದುರ್ಗದ ಸಂತೆಪೇಟೆಯಲ್ಲಿ ಬಿಳಿ ಬಟ್ಟೆ ಕೊಂಡು ದರ್ಜಿಯ ಹತ್ತಿರ ಹೊಲಿಸಿದೆವು. ಒಗೆದೂ ಒಗೆದೂ ಆ ಬಟ್ಟೆ ಎಷ್ಟು ತೆಳ್ಳಗಾಯಿತೆಂದರೆ ಈ ಕಡೆ ಬಿಟ್ಟ ಚಿತ್ರ ಆ ಕಡೆಗೂ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು.

ಅದರಿಂದ ಒಂದು ಬದಲಾವಣೆ ಆಯಿತು. ಅಲ್ಲಿಯವರೆಗೆ ಎಷ್ಟೋ ಊರುಗಳಲ್ಲಿ ಹೆಂಗಸರು ದೂರದ ಜಗಲಿಗಳ ಮೇಲೆ, ಗೋಡೆ ಮರೆಯಲ್ಲಿ ನಿಂತು ನೋಡುತ್ತಿದ್ದರು. ಮುಂದೆ ಗಂಡಸರು ಕೂತಿರುವಾಗ ಮಾವನ ಎದುರು, ಬಾವನ ಎದುರು ಬಂದು ಕೂರುವುದು ಹೇಗೆ? ಈಗ ಪರದೆಯ ಹಿಂದೆ ಅವರದೇ ಜಾಗ ಆಯಿತು. ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು, ಕಡಲೆಕಾಯಿ ಸುಲಿಯುತ್ತಾ ಆರಾಮಾಗಿ ಕೂರುತ್ತಿದ್ದರು. ಮೂರ್ತಿಯವರಿಗೆ ಬಹಳ ಖುಷಿಯಾಯಿತು. ಒಂದೇ ಡೀಸೆಲ್ಲಿಗೆ ಎರಡು ಸಭೆ. ನಮ್ಮ ಖುಷಿಯೂ ಕಡಿಮೆ ಇರಲಿಲ್ಲ. ಶೀರ್ಷಿಕೆಯ ಅಕ್ಷರ ಆ ಕಡೆಗೆ ತಿರುಗಿ ಕಾಣುತ್ತದೆ ಅಂತ ಗೊತ್ತಿತ್ತು. ಓದು ಬರುವವರು ಹೇಗೂ ಕಡಿಮೆ ಅಂತ ಸುಮ್ಮನಿದ್ದೆವು. ಅಕ್ಷರ ತಿರುಗಿದ ಹಾಗೆ ಉಳಿದದ್ದೆಲ್ಲ ತಿರುಗುತ್ತದೆ ಅನ್ನುವುದು ನಮ್ಮ ಯಾರ ತಲೆಗೂ ಹೋಗಿರಲಿಲ್ಲ.

ಈಗ ಹಟ್ಟಿಗೆ ಬರುತ್ತೇನೆ. ಧರ್ಮಪುರ ದಾಟಿ ಆಂಧ್ರದ ಗಡಿಗೆ ಹತ್ತಿರ, ಶೇಂಗಾ ಹೊಲಗಳ ನಡುವೆ ಇದ್ದ ಊರು. ಗಂಡಸರಲ್ಲಿ ಅರ್ಧ ಜನ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುವವರು. ಅಲ್ಲಿಗೆ ನಾನು ತೆಗೆದುಕೊಂಡು ಹೋಗಿದ್ದು ವಾಂತಿ-ಭೇದಿ ಆದ ಮಗುವಿನ ದೇಹದಲ್ಲಿ ಏನು ನಡೆಯುತ್ತದೆ ಅನ್ನುವ ಚಿತ್ರ. ಬರಿ ನೀರು ಕುಡಿಸಿದರೆ ಮೈಯಲ್ಲಿ ಯಾಕೆ ನಿಲ್ಲುವುದಿಲ್ಲ, ಉಪ್ಪು ಸಕ್ಕರೆ ಬೆರೆಸಿದರೆ ಯಾಕೆ ನಿಲ್ಲುತ್ತದೆ ಅಂತ ಗೊಂಬೆಚಿತ್ರ ಮಾಡಿ ತೋರಿಸಿದ್ದರು. ಕರುಳಿನ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲು. ನಾನು ಮೈಕಿನಲ್ಲಿ, "ಉಪ್ಪು ಒಬ್ಬನೇ ಹೋಗಿ ಬಾಗಿಲು ಬಡಿದ್ರೆ ತೆಗೆಯಲ್ಲ. ಸಕ್ಕರೆ ಕೈ ಹಿಡ್ಕೊಂಡು ಹೋದ್ರೆ ತೆಗೀತೈತೆ. ಇಬ್ರೂ ಒಳಗೆ ಹೋಗ್ತಿದ್ದಂಗೆ ಅವ್ರ ಬೆನ್ನಿಗೇ ನೀರೂ ನುಗ್ತೈತೆ" ಅಂತ ಹೇಳಿದೆ. ಕೊನೆಯಲ್ಲಿ ಒಬ್ಬ ತಾಯಿ ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಕದಡಿ ಮಗುವಿಗೆ ಚಮಚದಲ್ಲಿ ಕುಡಿಸುತ್ತಾಳೆ. ಪರದೆಯ ತುಂಬ ಅವಳ ಕೈ, ಚಮಚ, ಮಗುವಿನ ಬಾಯಿ. ಸ್ವಲ್ಪ ಸ್ವಲ್ಪವಾಗಿ, ಬಿಡದೆ ಕುಡಿಸಿ ಅಂತ ಹೇಳಿದೆ. ಯಾವ ಕೈಯಲ್ಲಿ ಅಂತ ಹೇಳಲಿಲ್ಲ. ಅದನ್ನು ಯಾರಾದರೂ ಹೇಳುತ್ತಾರೆಯೇ?

ಮುಂದಿನ ಸರದಿಯಲ್ಲಿ, ಕೆಲವು ತಿಂಗಳ ಮೇಲೆ, ಜೇನಿನ ಚಿತ್ರ ತೆಗೆದುಕೊಂಡು ಅದೇ ಹಟ್ಟಿಗೆ ಹೋದೆವು. ವ್ಯಾನು ನಿಲ್ಲಿಸುತ್ತಿದ್ದಂತೆ ಒಬ್ಬ ವಯಸ್ಸಾದ ಹೆಂಗಸು ಬಂದು ಬಾಗಿಲಿಗೆ ಅಡ್ಡ ನಿಂತಳು. ಪಾಲಮ್ಮ ಅಂತ ಅವಳ ಹೆಸರು.

"ಮಗೀಗೆ ಎಡಗೈಯಾಗೆ ನೀರು ಬಿಡು ಅಂತ ಹೇಳ್ಕೊಟ್ಟೋನು ನೀನೇನಾ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಖಾದರ್ ಸಾಬ್ ಕೆಳಗಿಳಿದು, "ಕುಂತ್ಕಳ್ರಿ ಅಮ್ಮಾ, ಏನಾಯ್ತು ಹೇಳ್ರಿ" ಅಂತ ಅವಳನ್ನು ವ್ಯಾನಿನ ಮೆಟ್ಟಿಲ ಮೇಲೆ ಕೂರಿಸಿದರು. ಆಗ ಎಲ್ಲ ಹೊರಗೆ ಬಂತು.

ಪಾಲಮ್ಮನ ಮಗ ಕುರಿ ಮಂದೆಯ ಜೊತೆ ದೂರ ಹೋಗಿದ್ದಾಗ ಮೊಮ್ಮಗನಿಗೆ ವಾಂತಿ-ಭೇದಿ ಹತ್ತಿತು. ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ಮಗು ಅಳುವುದನ್ನೂ ಬಿಟ್ಟಿತ್ತು. ಸೊಸೆ ಓಬಕ್ಕ ನೀರು ಕಾಯಿಸಿ ಉಪ್ಪು ಸಕ್ಕರೆ ಕದಡಿ ಕುಡಿಸಲು ಕೂತಳು. ಕುಡಿಸಿದ್ದು ಎಡಗೈಯಲ್ಲಿ. ಆ ಕಡೆಯ ಕುರಿಗಾರರಲ್ಲಿ ಎಡಗೈಯಿಂದ ನೀರು ಬಿಡುವುದು ಒಂದೇ ಸಂದರ್ಭಕ್ಕೆ, ಮಣ್ಣು ಮಾಡಿದ ಮೇಲೆ ಸತ್ತವರ ಗುಂಡಿಗೆ. ಪಾಲಮ್ಮ ಕಿರುಚಿಕೊಂಡು ಬಟ್ಟಲು ತಳ್ಳಿದಳು. ಓಬಕ್ಕ ಮಗುವನ್ನು ಎತ್ತಿಕೊಂಡು ದೊಡ್ಡಿಯ ಒಳಗೆ ಹೋಗಿ ಅಗಳಿ ಹಾಕಿಕೊಂಡು, ಮತ್ತೆ ನೀರು ಕದಡಿ, ಮತ್ತೆ ಎಡಗೈಯಲ್ಲೇ ಕುಡಿಸಿದಳು. ಬೆಳಗಾಗುವ ಹೊತ್ತಿಗೆ ಮಗು ಕಣ್ಣು ಬಿಟ್ಟು ಉಚ್ಚೆ ಹೊಯ್ದಿತು. ಆಮೇಲೆ ಹಿರಿಯೂರಿನ ಆಸ್ಪತ್ರೆಗೂ ತೋರಿಸಿದರು. ಮಗು ಉಳಿಯಿತು.

"ಉಳೀತಲ್ಲ ಅಮ್ಮಾ, ಮತ್ತೇನು?" ಅಂದೆ ನಾನು.

"ಮಗ ಉಳೀತು. ಆಮ್ಯಾಕೆ ಕುರಿ ಸತ್ವು. ಒಂದಾದ್ಮ್ಯಾಲೆ ಒಂದು. ಬದುಕಿರೋ ಮಗೀಗೆ ಸತ್ತೋರ ನೀರು ಬಿಟ್ರೆ ಸುಮ್ನೆ ಹೋಗ್ತೈತಾ? ಕೇಳಿದ್ರೆ ಪರದೇ ಮ್ಯಾಲೆ ಹಂಗೇ ತೋರ್ಸಿದ್ರು ಅಂತಾಳೆ. ನನ್ ಮಗನೂ ನೋಡವ್ನೆ, ಬಲಗೈಯಾಗೇ ಕುಡಿಸಿದ್ರು ಅಂತಾನೆ. ಅತ್ತೆ ಮುಂದೆ, ಗಂಡನ ಮುಂದೆ ಸುಳ್ಳು ಹೇಳೋಳ್ನ ಮನ್ಯಾಗೆ ಇಟ್ಕಳ್ಳಾದು ಹೆಂಗೆ?"

ಓಬಕ್ಕನನ್ನು ಮಗುವಿನ ಸಮೇತ ತವರಿಗೆ ಕಳಿಸಿದ್ದರು. ಊರಿನ ಗಂಡಸರೆಲ್ಲ ಬಲಗೈ ಅಂತ ಸಾಕ್ಷಿ ಹೇಳಿದ್ದರು, ಏಕೆಂದರೆ ಅವರು ನೋಡಿದ್ದು ಬಲಗೈಯೇ. ಹೆಂಗಸರಿಗೆ ಎಡಗೈ ಕಂಡಿತ್ತು, ಆದರೆ ಪಾಲಮ್ಮನ ಬಾಯಿಗೆ ಹೆದರಿ ಯಾರೂ ಮಾತಾಡಿರಲಿಲ್ಲ. ಪಾಲಮ್ಮ ಆವತ್ತು ಚಿತ್ರ ನೋಡಲು ಬಂದೇ ಇರಲಿಲ್ಲ.

ಬಾಯಲ್ಲಿ ವಿವರಿಸಲು ಹೋದೆ. ಈ ಕಡೆಯ ಬಲ ಆ ಕಡೆಗೆ ಎಡ ಆಗುತ್ತದೆ ಅಮ್ಮಾ ಅಂದರೆ, ಅವಳು ನನ್ನನ್ನು ತಲೆಕೆಟ್ಟವನನ್ನು ನೋಡಿದ ಹಾಗೆ ನೋಡಿದಳು. "ಕೈ ಅನ್ನಾದು ಕೈಯೇ. ಯಾವ ಕಡೆಯಿಂದ ನೋಡಿದ್ರೂ ಬಲಗೈ ಬಲಗೈಯೇ" ಅಂದಳು. ತಪ್ಪು ಅಂತ ಹೇಗೆ ಹೇಳುವುದು? ನಿಮ್ಮ ಬೆನ್ನ ಹಿಂದೆ ನಿಂತು ನೋಡಿದರೂ ನಿಮ್ಮ ಬಲಗೈ ಬಲಗೈಯಾಗೇ ಇರುತ್ತದೆ. ಪರದೆಯ ಹಿಂದೆ ಮಾತ್ರ ಹಾಗಲ್ಲ.

ಆ ಸಂಜೆ ಜೇನಿನ ಚಿತ್ರ ಹಾಕಿ, ಯಂತ್ರವನ್ನು ಖಾದರ್ ಸಾಬರಿಗೆ ಒಪ್ಪಿಸಿ, ನನ್ನ ಸರ್ವಿಸಿನಲ್ಲಿ ಮೊದಲ ಸಲ ಪರದೆಯ ಹಿಂದೆ ಹೋದೆ. ಹೆಂಗಸರು ಸರಿದು ಜಾಗ ಬಿಟ್ಟರು. ಜೇನು ಸಾಕುವವನು ಎಡಗೈಯಲ್ಲಿ ಹೊಗೆ ಹಾಕಿದ, ಎಡಗೈಯಲ್ಲಿ ತುಪ್ಪ ತೆಗೆದ, ಎಡಗೈಯಲ್ಲಿ ನೆಕ್ಕಿದ. ಪಕ್ಕದಲ್ಲಿದ್ದ ಒಬ್ಬಳನ್ನು ಕೇಳಿದೆ, ಇದು ನಿಮಗೆ ವಿಚಿತ್ರ ಅನಿಸಲಿಲ್ಲವೇನಮ್ಮ ಅಂತ.

"ಮೊದಲ್ನೇ ಸಲ ಅನ್ನುಸ್ತು ಸಾಮಿ. ಆಮ್ಯಾಲೆ ಸಿನಿಮಾದಾಗಿನ ಜನ ಎಲ್ರೂ ಎಡಗೈಯಾಗೇ ಉಣ್ತಾರಲ್ಲ, ದಿಲ್ಲಿ ಕಡೆ ಹಂಗೇ ಇರ್ಬೇಕು ಅನ್ಕಂಡ್ವಿ."

ವರ್ಷಗಟ್ಟಲೆ ಅರ್ಧ ಊರಿಗೆ ನಾನು ತೋರಿಸಿದ್ದು ಬೇರೆಯೇ ಒಂದು ಪ್ರಪಂಚ. ಮೊದಲು ನಗು ಬಂತು, ಆಮೇಲೆ ಓಬಕ್ಕ ನೆನಪಾದಳು. ಆ ಹುಡುಗಿ ನಿಜ ಹೇಳಿ ಸುಳ್ಳುಗಾತಿ ಅನಿಸಿಕೊಂಡಿದ್ದಳು.

"ಬಾತ್ ಸೇ ನಹೀ ಹೋತಾ ಭಾಯ್" ಅಂದರು ಖಾದರ್ ಸಾಬ್, ವಾಪಸು ಬರುವಾಗ. "ಮಾತಲ್ಲಿ ಆಗಲ್ಲ. ಆ ಮುದುಕಿಗೆ ತೋರಿಸ್ಬೇಕು."

ಆ ರೀಲು ಚಿತ್ರದುರ್ಗದ ಕಚೇರಿಯಲ್ಲಿತ್ತು. ಮೂರ್ತಿಯವರ ಮುಂದೆ ಹೋಗಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅತ್ತೆ ಸೊಸೆ ಜಗಳ ಬಿಡಿಸೋದಕ್ಕೆ ಸರ್ಕಾರಿ ವ್ಯಾನೇನ್ರಿ?"

"ಜಗಳ ತಂದಿಟ್ಟಿದ್ದು ಸರ್ಕಾರಿ ಪರದೆ ಅಲ್ವಾ ಸಾರ್?"

ಮೂರ್ತಿಯವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ, "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ನಡೀರಿ, ನಾನೂ ಬರ್ತೀನಿ" ಅಂದರು.

ಹಟ್ಟಿಯಲ್ಲಿ ಅದೇ ಜಾಗದಲ್ಲಿ ಅದೇ ಪರದೆ ಕಟ್ಟಿದೆವು. ಇವತ್ತು ಗಂಡಸರು ಹಿಂದೆ, ಹೆಂಗಸರು ಮುಂದೆ ಅಂದೆ. ಯಾರೂ ಏಳಲಿಲ್ಲ. ಊರಿನ ಯಜಮಾನರು ಮೀಸೆ ತಿರುವಿಕೊಂಡು, "ನಾವು ಹಿಂದ್ಗಡೆ ಕುಂತು ನೋಡಾದಾ?" ಅಂದರು. ಮೂರ್ತಿಯವರು ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಪರದೆಯ ಹಿಂದೆ ಹೋಗಿ ಕೂತರು. ಸಾಹೇಬರೇ ಹೋದ ಮೇಲೆ ಯಜಮಾನರು ಎದ್ದರು, ಅವರ ಹಿಂದೆ ಉಳಿದವರೂ ಎದ್ದರು. ಪಾಲಮ್ಮನನ್ನು ಮುಂದಿನ ಸಾಲಿನ ನಡುವೆ ಕೂರಿಸಿದೆ.

ಮೈಕು ಹಿಡಿಯಲಿಲ್ಲ. ಚಿತ್ರ ಓಡಿತು. ತಾಯಿ ಚಮಚ ಎತ್ತಿದಾಗ ಪರದೆಯ ಹಿಂದೆ ಗದ್ದಲ ಎದ್ದಿತು. "ಲೇ, ಎಡಗೈ ಕಣ್ರಲೇ! ಎಡಗೈಯಾಗೇ ಕುಡಿಸ್ತಾ ಅವ್ಳೆ!" ಮುಂದೆ ಹೆಂಗಸರು ಬಲಗೈ ಬಲಗೈ ಅಂತ ಕೂಗಿದರು. ಆ ಕಡೆಯಿಂದ ಒಬ್ಬ, ಈ ಕಡೆಯಿಂದ ಒಬ್ಬಳು ಪಣ ಕಟ್ಟುವ ಮಟ್ಟಕ್ಕೆ ಹೋದರು. ರೀಲು ಮುಗಿದ ಮೇಲೆ ಪಾಲಮ್ಮ ಎದ್ದು ನಿಂತು, "ಇನ್ನೊಂದು ಸಲ ಹಾಕು" ಅಂದಳು.

ಇನ್ನೊಂದು ಸಲ ಹಾಕಿದೆ. ಅವಳು ಪರದೆಯ ಅಂಚಿಗೆ, ಗಳದ ಪಕ್ಕಕ್ಕೆ ಹೋಗಿ ನಿಂತಳು. ತಾಯಿಯ ಕೈ ಬಂದಾಗ ಈ ಕಡೆ ಕತ್ತು ಚಾಚಿ ನೋಡಿದಳು, ಹಗ್ಗದ ಕೆಳಗೆ ಬಗ್ಗಿ ಆ ಕಡೆ ಹೋಗಿ ನೋಡಿದಳು, ಮತ್ತೆ ಈ ಕಡೆ ಬಂದಳು. ಅವಳ ನೆರಳು ಬಟ್ಟೆಯ ಮೇಲೆ ಬಿದ್ದು ಹೋಗುತ್ತಿತ್ತು. ಚಿತ್ರ ಮುಗಿದ ಮೇಲೂ ಅವಳು ಆ ಗಳ ಹಿಡಿದುಕೊಂಡು ನಿಂತೇ ಇದ್ದಳು.

"ಎರಡೂ ಕಡೆ ಮಗ ಕುಡೀತೈತೆ" ಅಂದಳು ಕೊನೆಗೆ. ಗಳದಿಂದ ಕೈ ತೆಗೆದು, "ಅವ್ಳು ಕಂಡಿದ್ದೇ ಮಾಡ್ಯಾಳೆ" ಅಂದಳು.

ರಾತ್ರಿ ಶಾಲೆಯ ಜಗಲಿಯಲ್ಲಿ ಮಲಗಿ, ಬೆಳಿಗ್ಗೆ ವ್ಯಾನು ಹೊರಡಿಸುವ ಹೊತ್ತಿಗೆ ಪಾಲಮ್ಮ ಸೆರಗು ಹೊದ್ದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. "ಧರ್ಮಪುರದ ದಾರ್ಯಾಗೇ ಅವ್ಳ ತವರು. ಹೋಗಾಣ ನಡೀರಿ" ಅಂದಳು. ಮೂರ್ತಿಯವರು ಎದ್ದು ಮುಂದಿನ ಸೀಟು ಬಿಟ್ಟುಕೊಟ್ಟರು.

ಓಬಕ್ಕ ಕಣದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ತೆಳ್ಳನೆಯ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ. ಸರ್ಕಾರಿ ವ್ಯಾನಿನಿಂದ ಅತ್ತೆ ಇಳಿದದ್ದು ನೋಡಿ ಮಗುವನ್ನು ಎಳೆದು ಅಪ್ಪಿಕೊಂಡಳು, ಕಿತ್ತುಕೊಳ್ಳಲು ಬಂದರೇನೋ ಅಂತ. ಪಾಲಮ್ಮ ಹೋಗಿ ಅವಳ ಪಕ್ಕ ಕೂತು ತಾನೂ ಶೇಂಗಾ ಬಿಡಿಸತೊಡಗಿದಳು. ನಾನು ನಡುವೆ ಬಾಯಿ ಹಾಕಿದೆ. "ತಪ್ಪು ನಿಂದಲ್ಲಮ್ಮ. ಪರದೆ ಹಿಂದೆ ಎಲ್ಲಾ ತಿರುಗಿ ಕಾಣುತ್ತೆ. ನಿನಗೆ ಎಡಗೈ ಅಂತ ಅನಿಸಿದ್ದು ಸಹಜ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ಎಡಗೈಯಾಗೆ ಕೊಡಬಾರ್ದು ಅಂತ ನಂಗೆ ಗೊತ್ತಿರ್ಲಿಲ್ವಾ ಸಾಮಿ? ನಮ್ಮಪ್ಪನ ಗುಂಡಿಗೆ ನಾನೂ ನೀರು ಬಿಟ್ಟಿವ್ನಿ. ಆದ್ರೆ ಬಲಗೈಯಾಗೆ ಕೊಟ್ಟು, ಔಷ್ದಿ ಹತ್ದೆ, ಮಗ ಹೋಗಿದ್ರೆ? ನೀವು ತೋರ್ಸಿದಂಗೇ ಮಾಡಣ, ಪಾಪ ಬಂದ್ರೆ ನಂಗೆ ಬರ್ಲಿ ಅಂತ ಕುಡಿಸ್ದೆ."

ಮೂರ್ತಿಯವರು ಆ ಕಡೆ ತಿರುಗಿ ನಿಂತರು. ಖಾದರ್ ಸಾಬ್ ಬಾನೆಟ್ ಎತ್ತಿ, ಸರಿಯಾಗಿಯೇ ಇದ್ದ ಎಂಜಿನ್ನನ್ನು ನೋಡುತ್ತಾ ನಿಂತರು. ನಾವು ಊರೂರು ಸುತ್ತಿ ತೋರಿಸಿದ್ದನ್ನು ಒಬ್ಬರು ಇಷ್ಟರ ಮಟ್ಟಿಗೆ ನಂಬುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಆವತ್ತು ಮಧ್ಯಾಹ್ನ ಓಬಕ್ಕ ಅತ್ತೆಯ ಜೊತೆ ಬಸ್ಸು ಹತ್ತಿ ಹಟ್ಟಿಗೆ ಹೋದಳು.

ಅಲ್ಲಿಂದ ಬಂದ ಮೇಲೆ ಮೂರ್ತಿಯವರು ಬೆನ್ನಿಗೆ ಕರಿ ಬಟ್ಟೆ ಇರುವ ಪರದೆಯನ್ನು ತಾವೇ ನಿಂತು ಹೊಲಿಸಿದರು. ಹಿಂದೆ ಚಿತ್ರ ಕಾಣದಾಗಿದ್ದರಿಂದ ಹೆಂಗಸರು ಮುಂದೆ ಬರಬೇಕಾಯಿತು. ನಡುವೆ ಒಂದು ಹಗ್ಗ ಕಟ್ಟಿ ಈ ಕಡೆ ಅವರು, ಆ ಕಡೆ ಇವರು ಅಂತ ಮಾಡಿದೆವು. ಕೆಲವು ಊರುಗಳಲ್ಲಿ ಮುನಿಸು ಆಯಿತು, ಒಂದೆರಡು ಊರುಗಳಲ್ಲಿ ಚಿತ್ರವೇ ಬೇಡ ಅಂದರು. ನಾಲ್ಕು ಸಲ ಹೋದ ಮೇಲೆ ಹಗ್ಗವನ್ನು ಯಾರು ಬಿಚ್ಚಿದರೋ ಗೊತ್ತಾಗಲಿಲ್ಲ. ಆಮೇಲೆ ಟೀವಿ ಬಂತು, ವಿಸಿಆರ್ ಬಂತು, ಸೀಡಿ ಬಂತು. ಪ್ರೊಜೆಕ್ಟರು ಕಚೇರಿಯ ಮೂಲೆ ಸೇರಿತು, ಖಾದರ್ ಸಾಬ್ ತೀರಿಕೊಂಡರು, ನಾನು ನಿವೃತ್ತನಾದೆ.

ಸುಮಾ ಮತ್ತು ಪ್ರವೀಣ ಎರಡನೇ ಸಲ ಬಂದಾಗ ಇದನ್ನೆಲ್ಲ ಹೇಳಿದೆ. ಸುಮಾ ಕೂಡಲೇ, "ಸರ್, ಅಲ್ಲಿಗೇ ಹೋಗಿ ಉಪ್ಪು ಸಕ್ಕರೆ ನೀರಿನ ವಿಡಿಯೊ ಮಾಡೋಣ" ಅಂದಳು. ಹೋದ ಭಾನುವಾರ ಹೋದೆವು. ಹಟ್ಟಿಗೆ ಟಾರು ರಸ್ತೆ ಆಗಿದೆ, ಬಸ್ಸು ಊರೊಳಗೇ ಬರುತ್ತದೆ. ಓಬಕ್ಕನನ್ನು ಅವಳ ಕಣ್ಣಿನಿಂದ ಗುರುತು ಹಿಡಿದೆ. ತಲೆ ಪೂರ್ತಿ ಬೆಳ್ಳಗಾಗಿದೆ. ಆವತ್ತಿನ ಮಗುವಿಗೆ ಈಗ ಮೊಮ್ಮಗಳು, ಅವಳಿಗೆ ಎರಡು ದಿನದಿಂದ ಹೊಟ್ಟೆ ಸರಿಯಿಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ಉಪ್ಪು ಸಕ್ಕರೆಯ ಪುಡಿಯನ್ನು ನೀರಿಗೆ ಕದಡಿಟ್ಟುಕೊಂಡು ಓಬಕ್ಕ ಕೂತಿದ್ದಳು. ನಮ್ಮನ್ನು ಮಾತಾಡಿಸುತ್ತಲೇ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಚಮಚ ಎತ್ತಿದಳು. ಎಡಗೈಯಲ್ಲಿ.

ಸುಮಾ ಫೋನು ಹಿಡಿದಿದ್ದವಳು ಮೆಲ್ಲಗೆ, "ಅಜ್ಜಿ, ಬಲಗೈಲಿ ಕುಡಿಸ್ತೀರಾ? ಮಕ್ಕಳು ನೋಡೋ ವಿಡಿಯೊ" ಅಂದಳು.

"ಇದು ಎಡಗೈ ನೀರು ಕಣವ್ವ. ನಮ್ಮ ಹಟ್ಟ್ಯಾಗೆ ಹಂಗೇ ಅಂತೀವಿ. ಎಲ್ರ ಮನ್ಯಾಗೂ ಹಿಂಗೇ ಕುಡ್ಸಾದು."

"ಯಾಕೆ ಓಬಕ್ಕ?" ಅಂದೆ. "ಪರದೆ ತಿರುಗಿ ಕಂಡಿದ್ದು ಅಂತ ನಿಮಗೆಲ್ಲ ಆವತ್ತೇ ಗೊತ್ತಾಯ್ತಲ್ಲ?"

"ಗೊತ್ತೈತೆ ಸಾಮಿ. ನಮ್ಮತ್ತೆಗೂ ಗೊತ್ತಿತ್ತು." ಚಮಚವನ್ನು ಕೂಸಿನ ಬಾಯಿಗೆ ಇಟ್ಟು, ಅದು ನುಂಗುವವರೆಗೆ ಕಾದಳು. "ಕಡೇಗಾಲಕ್ಕೆ ಆಕೀಗೂ ಭೇದಿ ಹತ್ತಿತ್ತು. ಮಗ ಬಂದು ಬಲಗೈಯಾಗೆ ಕುಡಿಸಕ್ಕೆ ಹೋದ, ಬಾಯಿ ಬಿಡ್ಲಿಲ್ಲ. ನನ್ ಕಡೆ ತಿರುಗಿ, ಅವತ್ತು ತಳ್ಳಿದ್ನಲ್ಲೇ, ಆ ಕೈಯಾಗೆ ಕೊಡೇ ಅಂದ್ಲು."

ಸುಮಾ ಫೋನನ್ನು ಎಡಬಲ ಅದಲುಬದಲಾಗದ ಹಿಂದಿನ ಕ್ಯಾಮೆರಾಕ್ಕೆ ಬದಲಿಸಿ, ಇದ್ದದ್ದನ್ನು ಇದ್ದ ಹಾಗೇ ತೆಗೆದಳು.